ಸೊಂಟದ ಚೀಲವೋ, ಬೆನ್ನ ಚೀಲವೋ? ಕಾಸರಗೋಡಿನ ಪದವು ಸುತ್ತುವವರಿಗೆ

ಹಕ್ಕಿ ನೋಡಲು ಬೆಳಿಗ್ಗೆ ಹೊರಟು ಗುಡ್ಡೆ, ಪದವು (ಚಪ್ಪಟೆ ಕಲ್ಲುಬಯಲು), ಕಾಡಂಚು ಸುತ್ತಿ ಸಂಜೆಯೊಳಗೆ ಮನೆ ಸೇರುವವರು ಯಾವ ಚೀಲ ಕೊಳ್ಳಬೇಕು ಅಂತ ಕೇಳಿದರೆ, ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಎಷ್ಟು ನೀರು ಹೊರುತ್ತೀರಿ? ಒಂದು ಲೀಟರಿನಲ್ಲಿ ಮುಗಿಯುವ ದಿನಕ್ಕೆ ಸೊಂಟದ ಚೀಲ. ಎರಡು ಲೀಟರಿಗಿಂತ ಜಾಸ್ತಿ ಬೇಕಾದ ದಿನಕ್ಕೆ ಬೆನ್ನ ಚೀಲ. ಬಟ್ಟೆ, ಜಿಪ್, ಬೆಲೆ, ಬಣ್ಣ ಎಲ್ಲ ಆಮೇಲಿನ ಮಾತು. ಚೀಲದೊಳಗಿನ ಸಾಮಾನಿನಲ್ಲಿ ನೀರಿನಷ್ಟು ಭಾರದ್ದು ಬೇರೆ ಇರುವುದಿಲ್ಲ, ಲೀಟರಿಗೆ ಒಂದು ಕಿಲೋ ಆಗಿಯೇ ಆಗುತ್ತದೆ. ಆ ಭಾರ ಎಲ್ಲಿ ಕೂರುತ್ತದೆ ಅನ್ನುವುದರ ಮೇಲೆ ನಿಮ್ಮ ಇಡೀ ದಿನ ನಿಂತಿದೆ.

ನನ್ನ ಹತ್ತಿರ ಎರಡೂ ಇವೆ, ಎರಡೂ ಬಳಕೆಯಲ್ಲಿವೆ. ಸೊಂಟದ್ದು 9 ಲೀಟರಿನದು (ಇದು ಚೀಲದೊಳಗಿನ ಜಾಗದ ಅಳತೆ, ನೀರಿನದಲ್ಲ). ಎರಡು ಬದಿಯಲ್ಲಿ ಅರ್ಧರ್ಧ ಲೀಟರಿನ ಬಾಟಲಿ ಇಡುವ ಕಿಸೆ, ಮುಂದೆ ಒಂದು ಚಪ್ಪಟೆ ಕಿಸೆ, ಬೇಕಾದರೆ ಸಿಕ್ಕಿಸಿಕೊಳ್ಳುವ ತೆಳ್ಳಗಿನ ಹೆಗಲ ಪಟ್ಟಿ. ಬೆನ್ನಿನದು 22 ಲೀಟರಿನದು, ಬೆನ್ನಿಗೆ ತಾಗದ ಹಾಗೆ ಬಲೆ ಎಳೆದು ಕಟ್ಟಿದ ಮಾದರಿ, ಸೊಂಟಕ್ಕೆ ದಪ್ಪ ಬೆಲ್ಟ್, ಎದೆಗೆ ಅಡ್ಡ ಪಟ್ಟಿ. ನಾನು ಕೊಂಡ ಮಾದರಿಗಳು ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ಹಾಗಾಗಿ ಹೆಸರು ಹೇಳಿ ಪ್ರಯೋಜನ ಇಲ್ಲ. ಗುಣ ಹೇಳುತ್ತೇನೆ. ಅದನ್ನು ನೋಡಿ ಯಾವ ಕಂಪನಿಯದ್ದಾದರೂ ಆರಿಸಬಹುದು.

ಈ ವಿಷಯ ಓದಲು ಹೊರಟರೆ ಇಂಟರ್‌ನೆಟ್ಟಿನಲ್ಲಿ ಸಿಗುವುದು ಹೆಚ್ಚಾಗಿ ಅಮೆರಿಕದ ಬೇಟೆಗಾರರು ಬರೆದದ್ದು. ಅಲ್ಲಿ ಲೈಸೆನ್ಸ್ ತೆಗೆದುಕೊಂಡು ಋತುವಿಗೆ ಸರಿಯಾಗಿ ಜಿಂಕೆ ಬೇಟೆಗೆ ಹೋಗುತ್ತಾರೆ, ಒಂದು ದಿನದ ಬೇಟೆಗೆ ಸೊಂಟದ ಚೀಲವಾ ಬೆನ್ನ ಚೀಲವಾ ಅನ್ನುವುದು ಅವರಲ್ಲಿ ಹಳೆಯ ಚರ್ಚೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಈಗ ಹಾಗೆ ಬೇಟೆಗೆ ಹೋಗುವ ಮಾತೇ ಇಲ್ಲ, ಇರಲೂಬಾರದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ತೋಟ ಹಾಳು ಮಾಡುವ ಕಾಡುಹಂದಿಯ ವಿಷಯ ಮಾತ್ರ ಬೇರೆ. ಅದನ್ನು ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತ್ ಅಧ್ಯಕ್ಷರಂಥವರಿಗೆ ಕೊಟ್ಟಿತು, ಗುಂಡು ಹೊಡೆಯುವುದಾದರೆ ಲೈಸೆನ್ಸ್ ಇರುವ ಕೋವಿಯವರೇ ಹೊಡೆಯಬೇಕು. ಅದು ನಮ್ಮ ತಿರುಗಾಟಕ್ಕೆ ಸಂಬಂಧಪಟ್ಟದ್ದಲ್ಲ. ಆದರೂ ಆ ಬೇಟೆಗಾರರ ಬರಹವನ್ನು ಹಕ್ಕಿ ನೋಡುವವರು ಓದಬೇಕು. ಸದ್ದು ಮಾಡದೆ ನಡೆಯುವುದು, ಗಂಟೆಗಟ್ಟಲೆ ಅಲ್ಲಾಡದೆ ಕೂರುವುದು, ಹೆಗಲಲ್ಲಿ ನೇತುಹಾಕಿದ್ದನ್ನು ಥಟ್ಟನೆ ಕಣ್ಣಿಗೆ ಏರಿಸುವುದು, ಈ ಮೂರೂ ಅವರಿಗೂ ಬೇಕು, ನಮಗೂ ಬೇಕು. ಅವರ ಹೆಗಲಲ್ಲಿ ಕೋವಿ, ನಮ್ಮ ಕುತ್ತಿಗೆಯಲ್ಲಿ ಬೈನಾಕ್ಯುಲರ್.

ಇನ್ನು ಜಾಗದ ಮಾತು. ನಮ್ಮ ಪದವು ಅಂದರೆ ಚಪ್ಪಟೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಬಯಲು. ಅಲ್ಲಲ್ಲಿ ಮುಳಿಹುಲ್ಲು, ಕೇಪುಳದ ಪೊದೆ, ಬದಿಯಲ್ಲಿ ಗೇರು ತೋಟ, ಇಳಿದರೆ ಅಡಿಕೆ ತೋಟ. ಕುಂಬಳೆ ಹತ್ತಿರದ ಕಿದೂರು ಈಗ ಹಕ್ಕಿಗಳಿಗೆ ಹೆಸರಾಗಿದೆ. ಪೈವಳಿಕೆಯ ಪೊಸಡಿ ಗುಂಪೆ ಸಾವಿರ ಅಡಿಗಿಂತ ಸ್ವಲ್ಪ ಎತ್ತರ ಅಷ್ಟೇ, ಆದರೆ ಆಕಾಶ ತಿಳಿಯಾಗಿದ್ದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕುದುರೆಮುಖದ ಸಾಲು ಕಾಣುತ್ತದೆ. ಇಂಥ ಜಾಗದಲ್ಲಿ ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ನಸುಕಿಗೆ ಹೋಗಿ ಹತ್ತು, ಹನ್ನೊಂದು ಗಂಟೆಗೆ ವಾಪಸ್ ಬರುವುದಾದರೆ ಸೊಂಟದ ಚೀಲಕ್ಕೆ ಸಾಟಿ ಇಲ್ಲ. ಚಳಿಗಾಲಕ್ಕೆ ಬರುವ ನವರಂಗ ಹಕ್ಕಿ ಪೊದೆಯ ಬುಡದಲ್ಲಿ ತರಗೆಲೆ ಕೆದಕುತ್ತಿರುತ್ತದೆ. ಅದನ್ನು ನೋಡಬೇಕಾದರೆ ನೀವು ಬಗ್ಗಬೇಕು, ಕುಕ್ಕರುಗಾಲಲ್ಲಿ ಕೂರಬೇಕು, ಕೊಂಬೆಯ ಕೆಳಗೆ ನುಸುಳಬೇಕು. ಬೆನ್ನ ಮೇಲೆ ಚೀಲ ಇದ್ದರೆ ನುಸುಳುವಾಗ ಅದು ಮುಳ್ಳಿಗೆ ಸಿಕ್ಕಿಯೇ ಸಿಗುತ್ತದೆ. ಸೊಂಟದಲ್ಲಿದ್ದರೆ ಬೆನ್ನು ಖಾಲಿ, ಹೆಗಲು ಖಾಲಿ, ಎರಡೂ ಕೈ ಖಾಲಿ.

ಬೆವರಿನ ಮಾತು ಹೇಳಲೇಬೇಕು. ಘಟ್ಟದ ಮೇಲಿನವರಿಗೆ ಇದು ಅಷ್ಟಾಗಿ ತಿಳಿಯದು. ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿನ ಪಸೆ ಇಷ್ಟು ಇರುತ್ತದೆ ಅಂದರೆ ಡಿಸೆಂಬರಿನಲ್ಲೂ ಎಂಟು ಗಂಟೆ ದಾಟಿದರೆ ಬೆನ್ನು ಒದ್ದೆ. ಬೆವರು ಆರುವುದೇ ಇಲ್ಲ. ಸಾದಾ ಸ್ಪಂಜಿನ ಬೆನ್ನ ಚೀಲ ಹಾಕಿದರೆ ಅಂಗಿ ಮೈಗಂಟಿ ಇಡೀ ಬೆನ್ನು ಬೇಯುತ್ತದೆ, ತೆಗೆದು ಇಟ್ಟ ಕೂಡಲೇ ಗಾಳಿ ತಾಗಿ ಚಳಿಯಾಗುತ್ತದೆ. ಸೊಂಟದ ಚೀಲದಲ್ಲಿ ಒದ್ದೆಯಾಗುವುದು ಅಂಗೈ ಅಗಲದ ಜಾಗ ಮಾತ್ರ. ನನಗೆ ಇದೊಂದೇ ಕಾರಣ ಸಾಕು.

ಸದ್ದಿನ ವಿಷಯಕ್ಕೆ ಬರೋಣ. ಬೇಟೆಗಾರರು ಚೀಲದ ಬಟ್ಟೆ ಸದ್ದು ಮಾಡಬಾರದು ಅಂತ ಅಷ್ಟು ತಲೆ ಕೆಡಿಸಿಕೊಳ್ಳುತ್ತಾರೆ, ಉಣ್ಣೆಯ ಹಾಗೆ ಮೆತ್ತಗಿರುವ ಬಟ್ಟೆಯದ್ದನ್ನೇ ಹುಡುಕಿ ಕೊಳ್ಳುತ್ತಾರೆ. ಅವರು ಹೇಳುವುದು ಸರಿ. ಗಟ್ಟಿ ನೈಲಾನ್ ಚೀಲಕ್ಕೆ ಒಣ ಕಡ್ಡಿ ಉಜ್ಜಿದರೆ ಬರ್ರ್ ಅನ್ನುತ್ತದೆ. ಅದಕ್ಕಿಂತ ಕೆಟ್ಟದ್ದು ವೆಲ್ಕ್ರೋ. ಹತ್ತು ಮಾರು ದೂರದಲ್ಲಿ ಹಕ್ಕಿ ಇರುವಾಗ ವೆಲ್ಕ್ರೋ ಬಿಚ್ಚಿದರೆ ಆ ದಿನದ ಕತೆ ಅಲ್ಲಿಗೆ ಮುಗಿಯಿತು. ಸೊಂಟದ ಚೀಲಗಳಲ್ಲಿ ಅಗ್ಗದ ಮಾದರಿಗಳಿಗೆಲ್ಲ ಮೊಬೈಲ್ ಕಿಸೆಗೆ ವೆಲ್ಕ್ರೋ ಹಾಕಿರುತ್ತಾರೆ. ಕೊಳ್ಳುವ ಮೊದಲು ನೋಡಿಕೊಳ್ಳಿ, ಜಿಪ್ ಇರುವುದನ್ನೇ ಆರಿಸಿ. ಜಿಪ್ಪಿನ ರನ್ನರಿಗೆ ಲೋಹದ ತುಂಡು ನೇತಾಡುತ್ತಿದ್ದರೆ ಅದನ್ನು ಕಿತ್ತು ದಾರದ ತುಂಡು ಕಟ್ಟಿ. ಟಿಣಿಟಿಣಿ ಸದ್ದು ನಿಲ್ಲುತ್ತದೆ, ಕೈ ಒದ್ದೆಯಾಗಿದ್ದಾಗ ಹಿಡಿಯಲೂ ಸುಲಭ.

ಕೂರುವ ಸುಖವೂ ಸೊಂಟದ ಚೀಲದ್ದೇ. ಬೆಲ್ಟ್ ಸ್ವಲ್ಪ ಸಡಿಲಿಸಿ ಚೀಲವನ್ನು ಹೊಟ್ಟೆಯ ಕಡೆಗೆ ತಿರುಗಿಸಿದರೆ ಮರಕ್ಕೆ ಬೆನ್ನು ಕೊಟ್ಟು ಕೂರಬಹುದು. ನೋಟ್‌ಬುಕ್, ಪೆನ್ಸಿಲ್, ಅವಲಕ್ಕಿ ಪೊಟ್ಟಣ ಎಲ್ಲ ಕಣ್ಣೆದುರಿಗೇ. ಏಳುವ ಕೆಲಸ ಇಲ್ಲ, ಬಿಚ್ಚಿ ನೆಲಕ್ಕೆ ಇಟ್ಟು ಇರುವೆ ಹತ್ತಿಸಿಕೊಳ್ಳುವ ಕೆಲಸವೂ ಇಲ್ಲ. ನಮ್ಮಲ್ಲಿ ಮೂರ್ತೆ ಮಾಡುವವರು (ಕಳ್ಳು ಇಳಿಸುವವರು) ಕತ್ತಿಯನ್ನು ಸೊಂಟದ ಹಿಂದೆ ಕಟ್ಟಿಕೊಂಡೇ ತಾಳೆಮರ, ತೆಂಗಿನಮರ ಹತ್ತುತ್ತಾರಲ್ಲ, ಹೆಗಲಿಗೆ ಯಾರೂ ಹಾಕಿಕೊಳ್ಳುವುದಿಲ್ಲ. ಭಾರ ಸೊಂಟದಲ್ಲಿದ್ದರೆ ಮೈ ಓಲಾಡುವುದಿಲ್ಲ. ಮುರಕಲ್ಲಿನ ಹೊಂಡ, ಗುಂಡಿಗಳ ಮೇಲೆ ಹೆಜ್ಜೆ ಇಡುವಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಆದರೆ ಸೊಂಟದ ಚೀಲಕ್ಕೆ ಒಂದು ಮಿತಿ ಇದೆ, ಅದನ್ನು ದಾಟಿದರೆ ಅದರಷ್ಟು ಹಿಂಸೆ ಕೊಡುವ ವಸ್ತು ಇನ್ನೊಂದಿಲ್ಲ. ನನ್ನ ಅನುಭವದಲ್ಲಿ ಒಟ್ಟು ಭಾರ ಮೂರು ಕಿಲೋ ದಾಟಬಾರದು. ದಾಟಿದರೆ ಚೀಲ ಹಿಂದಕ್ಕೆ ಜೋತುಬೀಳುತ್ತದೆ, ನೀವು ಬೆಲ್ಟ್ ಬಿಗಿ ಮಾಡುತ್ತೀರಿ, ಹೊಟ್ಟೆ ಹಿಂಡಿದ ಹಾಗಾಗುತ್ತದೆ, ಮತ್ತೆ ಸಡಿಲಿಸುತ್ತೀರಿ, ಮತ್ತೆ ಜಾರುತ್ತದೆ. ದಿನವಿಡೀ ಇದೇ. ಬೆಲ್ಟ್ ಕೂರಬೇಕಾದ್ದು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ. ಹೊಟ್ಟೆ ಸ್ವಲ್ಪ ಮುಂದಿರುವವರಿಗೆ ಬೆಲ್ಟ್ ಕೆಳಕ್ಕೆ ಜಾರುವುದು ಜಾಸ್ತಿ, ಅಂಥವರು ಹೆಗಲ ಪಟ್ಟಿ ಇರುವ ಮಾದರಿಯನ್ನೇ ನೋಡಬೇಕು. ಆ ಪಟ್ಟಿ ಭಾರ ಹೊರುವುದಕ್ಕಲ್ಲ, ಜಾರದ ಹಾಗೆ ಹಿಡಿಯುವುದಕ್ಕೆ. ಕೊಲೊರಾಡೊದ ಮೌಂಟನ್‌ಸ್ಮಿತ್ ಅನ್ನುವ ಹಳೆಯ ಕಂಪನಿ ತನ್ನ ಸೊಂಟದ ಚೀಲಗಳಿಗೆ ಇಂಥ ಪಟ್ಟಿಯನ್ನು ಬೇರೆಯಾಗಿಯೇ ಮಾರುತ್ತದೆ. ಇಲ್ಲಿ ಅದು ಸಿಗದಿದ್ದರೂ ಚಿಂತೆ ಇಲ್ಲ, ಬ್ಯಾಗ್ ರಿಪೇರಿ ಮಾಡುವವರ ಹತ್ತಿರ ಹೋಗಿ ಎರಡು ಕುಣಿಕೆ ಹೊಲಿಸಿ ಪಟ್ಟಿ ಹಾಕಿಸಿದರೆ ಆಯಿತು. ಇನ್ನೊಂದು, ಚೀಲ ತುಂಬ ಉಬ್ಬಿದ್ದರೆ ಭಾರ ಮೈಯಿಂದ ದೂರ ಹೋಗುತ್ತದೆ. ಎರಡು ಬದಿಯಲ್ಲೂ ಎಳೆದು ಒತ್ತುವ ಪಟ್ಟಿ ಇರಲಿ, ಭಾರದ ಸಾಮಾನು ಬೆನ್ನಿನ ಕಡೆಗೆ ಇರಲಿ.

ಮಾರ್ಚ್ ಬಂದ ಮೇಲೆ ಲೆಕ್ಕ ಪೂರ್ತಿ ತಿರುಗುತ್ತದೆ. ಪದವಿನಲ್ಲಿ ನೆರಳು ಇಲ್ಲ. ಮಳೆಗಾಲದಲ್ಲಿ ತುಂಬಿ ನಿಂತಿದ್ದ ಸಣ್ಣ ಸಣ್ಣ ಪಳ್ಳಗಳೆಲ್ಲ ಒಣಗಿ ಕೆಸರೂ ಬಿರುಕು ಬಿಟ್ಟಿರುತ್ತದೆ. ಗುಡ್ಡದ ಬುಡದ ಮನೆಗಳಲ್ಲಿ ಸುರಂಗದ (ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದದ್ದು) ನೀರು ಇರುತ್ತದೆ ನಿಜ, ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ, ಬೆಲ್ಲವನ್ನೂ ಕೊಡುತ್ತಾರೆ. ಆದರೆ ಬೇಸಿಗೆಯಲ್ಲಿ ಆ ಸುರಂಗದ ನೀರೇ ಅವರ ಮನೆಗೆ, ತೋಟಕ್ಕೆ ಎಲ್ಲದಕ್ಕೂ ಆಗಬೇಕು. ಅವರ ಬಾಗಿಲಿಗೆ ಬಾಟಲಿ ಹಿಡಿದು ಹೋಗುವ ಬದಲು ನಮ್ಮ ನೀರು ನಾವೇ ಹೊರುವುದು ಮರ್ಯಾದೆ. ಬಿಸಿಲಿಗೆ ಒಬ್ಬರಿಗೆ ಎರಡೂವರೆ ಲೀಟರ್ ಬೇಕೇ ಬೇಕು, ಜತೆಗೆ ಒಆರ್‌ಎಸ್ ಪೊಟ್ಟಣ. ಇಷ್ಟು ನೀರು ಸೊಂಟದ ಚೀಲದಲ್ಲಿ ಹಿಡಿಯುವುದಿಲ್ಲ, ಹಿಡಿದರೂ ನಡೆಯಲಾಗುವುದಿಲ್ಲ. ಹಳದಿ ಟಿಟ್ಟಿಭ ಪದವಿನ ಬರಿ ನೆಲದಲ್ಲೇ ಮೊಟ್ಟೆ ಇಡುವುದು ಇದೇ ಬಿಸಿಲಿನ ತಿಂಗಳುಗಳಲ್ಲಿ, ಅದನ್ನು ದೂರದಿಂದ ನೋಡಬೇಕೆನ್ನುವವರು ಬೇಸಿಗೆಯಲ್ಲಿ ಹೋಗದೆ ಇರಲಾರರು. ಆಗ ಬೆನ್ನ ಚೀಲ ಹಾಕಿ. ಹೋಗುವಾಗ ಕಾಲಡಿ ನೋಡಿಕೊಂಡು ನಡೆಯಿರಿ. ಮೊಟ್ಟೆಗೂ ಕಲ್ಲಿಗೂ ವ್ಯತ್ಯಾಸವೇ ಗೊತ್ತಾಗದ ಬಣ್ಣ, ತಾಯಿ ಕಿರುಚಿಕೊಂಡು ಸುತ್ತು ಹಾಕಲು ಶುರುಮಾಡಿದರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಏಪ್ರಿಲ್, ಮೇಯಲ್ಲಿ ಮಧ್ಯಾಹ್ನದ ಮೇಲೆ ಸಿಡಿಲು ಬರುವುದಿದೆ, ಬೋಳು ಪದವಿನಲ್ಲಿ ನೀವೇ ಎಲ್ಲಕ್ಕಿಂತ ಎತ್ತರದ ವಸ್ತು ಆಗಿರುತ್ತೀರಿ. ಚೀಲ ಯಾವುದೇ ಇರಲಿ, ಮೋಡ ಕಪ್ಪಾಗುವ ಮೊದಲೇ ಇಳಿಯಿರಿ.

ಮಳೆಗಾಲಕ್ಕೂ ಬೆನ್ನ ಚೀಲವೇ, ಕಾರಣ ಬೇರೆ. ಪನತ್ತಡಿ ಪಂಚಾಯತಿನ ರಾಣಿಪುರಂಗೆ ಹೋಗುವವರು ಇದನ್ನು ಗಮನವಿಟ್ಟು ಓದಿ. ಅದು ಸುಮಾರು 750 ಮೀಟರ್ ಎತ್ತರದ ಜಾಗ, ಅರಣ್ಯ ಇಲಾಖೆಗೆ ಟಿಕೆಟ್ ದುಡ್ಡು ಕಟ್ಟಿ ಹತ್ತಬೇಕು. ಮೊದಲು ದಟ್ಟ ಕಾಡು, ಆಮೇಲೆ ಹುಲ್ಲುಗುಡ್ಡ. ಕಾಡಿನ ಭಾಗದಲ್ಲಿ ಜಿಗಣೆ ಸಾಕಷ್ಟು. ಕುಡಿಯುವ ನೀರು ಇಲ್ಲಿ ಕಮ್ಮಿ ಸಾಕು, ಆದರೆ ಮಳೆಯಂಗಿ, ಒಣ ಅಂಗಿ, ಬೈರಾಸು (ಟವೆಲ್), ಇನ್ನೊಂದು ಜೋಡಿ ಕಾಲುಚೀಲ, ಉಪ್ಪು ಅಥವಾ ಹೊಗೆಸೊಪ್ಪು ಇಷ್ಟು ಬೇಕು. ಭಾರ ಇಲ್ಲದಿದ್ದರೂ ಜಾಗ ತಿನ್ನುವ ಸಾಮಾನು ಇವು. 9 ಲೀಟರಿನ ಚೀಲಕ್ಕೆ ಮಳೆಯಂಗಿ ತುರುಕಿದರೆ ಬೇರೆ ಏನೂ ಹಿಡಿಯುವುದಿಲ್ಲ. ಅಲ್ಲದೆ ಸೊಂಟದ ಚೀಲ ಮಳೆಯಂಗಿಯ ಒಳಗೆ ಕಟ್ಟಿದರೆ ತೆಗೆಯಲು ಆಗದು, ಹೊರಗೆ ಕಟ್ಟಿದರೆ ಅಂಗಿಯ ಮೇಲಿಂದ ಇಳಿದ ನೀರೆಲ್ಲ ಸೀದಾ ಅದರ ಜಿಪ್ಪಿಗೇ ಹೋಗುತ್ತದೆ. ಇದಕ್ಕೆ ನನಗೆ ಸರಿಯಾದ ಪರಿಹಾರ ಸಿಕ್ಕಿಲ್ಲ.

ಬೆನ್ನ ಚೀಲದ ಜತೆ ಸಿಗುವ ಮಳೆ ಹೊದಿಕೆಯನ್ನು ಪೂರ್ತಿ ನಂಬಬೇಡಿ. ನಮ್ಮ ಜುಲೈ ಮಳೆ ಮೇಲಿನಿಂದ ಮಾತ್ರ ಬರುವುದಿಲ್ಲ. ಬೆನ್ನ ಕಡೆಯಿಂದ ನೀರು ಇಳಿದು ಹೊದಿಕೆಯೊಳಗೇ ನಿಲ್ಲುತ್ತದೆ, ಚೀಲದ ಬುಡ ಆ ನೀರಿನಲ್ಲಿ ನೆನೆಯುತ್ತಾ ಇರುತ್ತದೆ. ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಅದರೊಳಗೆ ಸಾಮಾನು ಇಟ್ಟು, ಬಾಯಿ ತಿರುಚಿ ಮಡಚಿ. ರಸಗೊಬ್ಬರದ ಮೂಟೆಯ ಒಳಪದರ ಚೆನ್ನಾಗಿ ತೊಳೆದು ಬಳಸುವವರೂ ಇದ್ದಾರೆ, ನಾನು ಅದನ್ನು ಒಪ್ಪುವುದಿಲ್ಲ, ತಿನ್ನುವ ವಸ್ತು ಇರುವ ಕಡೆ ಅದು ಬೇಡ. ಹೊಸ ಪ್ಲಾಸ್ಟಿಕ್ಕಿಗೆ ದೊಡ್ಡ ಖರ್ಚೇನಿಲ್ಲ.

ಬೆನ್ನ ಚೀಲ ಕೊಳ್ಳುವವರು ಬಲೆ ಇರುವ ಮಾದರಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಚೀಲಕ್ಕೂ ಬೆನ್ನಿಗೂ ನಡುವೆ ಗಾಳಿ ಓಡಾಡುವ ಜಾಗ ಬಿಡುವ ಈ ಉಪಾಯವನ್ನು ಜರ್ಮನಿಯ ಡಾಯ್ಟರ್ ಕಂಪನಿ 1984ರಲ್ಲೇ ತಂದಿತು, ಈಗ ಬೇರೆಯವರೂ ಮಾಡುತ್ತಾರೆ. ಬೆವರು ನಿಲ್ಲುವುದಿಲ್ಲ, ಆದರೆ ಬೆನ್ನು ಬೇಯುವುದಿಲ್ಲ. ಇದರ ತೊಂದರೆ ಅಂದರೆ ಚೀಲ ಬೆನ್ನಿನಿಂದ ಸ್ವಲ್ಪ ಹಿಂದಕ್ಕೆ ಹೋಗುತ್ತದೆ, ಬಾಗಿದ ಚೌಕಟ್ಟಿನಿಂದಾಗಿ ಒಳಗಿನ ಜಾಗದ ಆಕಾರವೂ ಓರೆಯಾಗುತ್ತದೆ, ಬುತ್ತಿ ಡಬ್ಬಿ ನೆಟ್ಟಗೆ ಕೂರುವುದಿಲ್ಲ. ನಾಲ್ಕೈದು ಕಿಲೋ ಭಾರಕ್ಕೆ ಅದು ದೊಡ್ಡ ವಿಷಯವಲ್ಲ.

ಹೆಗಲ ಪಟ್ಟಿಯ ಜಗಳ ಮಾತ್ರ ನಿಜವಾದ ಜಗಳ. ಬೆನ್ನ ಚೀಲದ ಪಟ್ಟಿಯ ಮೇಲೆ ಕೋವಿಯ ಪಟ್ಟಿ ನಿಲ್ಲುವುದಿಲ್ಲ ಅಂತ ಬೇಟೆಗಾರರು ದೂರುತ್ತಾರೆ. ನಮ್ಮಲ್ಲಿ ಅದೇ ಕ್ಯಾಮೆರಾ ಪಟ್ಟಿಗೆ ಆಗುತ್ತದೆ. 8x42 ಬೈನಾಕ್ಯುಲರ್ (ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲದ್ದು) ಅಂದರೆ ಹೆಚ್ಚುಕಮ್ಮಿ ಮುಕ್ಕಾಲು ಕಿಲೋ. ಅದನ್ನು ಕುತ್ತಿಗೆಗೆ ಹಾಕಿ, ಮೇಲೆ ಕ್ಯಾಮೆರಾ ಅಡ್ಡ ಹಾಕಿ, ಆಮೇಲೆ ಬೆನ್ನ ಚೀಲ ಹಾಕಿದರೆ ಎದೆಯ ಮೇಲೆ ಪಟ್ಟಿಗಳ ಸಿಕ್ಕು. ಚೀಲ ತೆಗೆಯಬೇಕಾದರೆ ಎಲ್ಲವನ್ನೂ ತೆಗೆಯಬೇಕು. ಇದಕ್ಕೆ ಬೈನಾಕ್ಯುಲರಿಗೆ ಬೆನ್ನ ಮೇಲೆ ಹಾದುಹೋಗುವ ಎಲಾಸ್ಟಿಕ್ ಪಟ್ಟಿ ಹಾಕಿಸಿಕೊಳ್ಳುವುದು ಒಳ್ಳೆಯದು, ಭಾರ ಕುತ್ತಿಗೆಯಿಂದ ಹೆಗಲಿಗೆ ಹೋಗುತ್ತದೆ. ಮೊದಲು ಅದನ್ನು ಹಾಕಿ, ಅದರ ಮೇಲೆ ಚೀಲ ಹಾಕಿ. ಎದೆಯ ಅಡ್ಡಪಟ್ಟಿಯನ್ನು ಬೈನಾಕ್ಯುಲರಿಗಿಂತ ಮೇಲಕ್ಕೆ ಏರಿಸಿ.

ಅಂಗಡಿಯಲ್ಲಿ ಸುಮ್ನೆ ಖಾಲಿ ಚೀಲ ಹಾಕಿ ಕನ್ನಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮಂಗಳೂರಿನ ಅಂಗಡಿಗಾಗಲಿ ಕಾಸರಗೋಡು ಪೇಟೆಗಾಗಲಿ ಹೋಗುವಾಗ ಲೀಟರಿನ ನೀರಿನ ಬಾಟಲಿ ತೆಗೆದುಕೊಂಡು ಹೋಗಿ, ಸೊಂಟದ್ದಕ್ಕೆ ಒಂದು, ಬೆನ್ನಿನದಕ್ಕೆ ಮೂರು ತುಂಬಿಸಿ, ಬೆಲ್ಟ್ ಬಿಗಿ ಮಾಡಿ, ಕುಕ್ಕರುಗಾಲಲ್ಲಿ ಕೂತು ಏಳಿ, ಬೈನಾಕ್ಯುಲರ್ ಹಿಡಿದ ಹಾಗೆ ಎರಡೂ ಕೈ ಎತ್ತಿ ಸ್ವಲ್ಪ ಹೊತ್ತು ನಿಲ್ಲಿ. ಕೈ ಎತ್ತಿದಾಗ ಬೆನ್ನ ಚೀಲದ ಪಟ್ಟಿ ಕಂಕುಳಿಗೆ ಒತ್ತಿದರೆ ಅದು ನಿಮ್ಮ ಅಳತೆಯದ್ದಲ್ಲ. ನಡೆಯುವಾಗ ಮೊಣಕೈ ಬದಿಯ ಬಾಟಲಿಗೆ ಬಡಿದರೆ ಸೊಂಟದ ಚೀಲವೂ ಬೇಡ. ಅಂಗಡಿಯವರು ಏನಾದರೂ ಅಂದುಕೊಂಡಾರು ಅಂತ ಸಂಕೋಚ ಬೇಡ, ದುಡ್ಡು ಕೊಡುವವರು ನೀವು. ಬಕಲ್ ಒಡೆದರೆ ಅದೇ ಅಗಲದ್ದು ಊರಲ್ಲಿ ಸಿಗುತ್ತದಾ ಅಂತಲೂ ಯೋಚಿಸಿ. ಒಂದು ಇಂಚು ಪಟ್ಟಿಯ ಬಕಲ್ ಎಲ್ಲ ರಿಪೇರಿಯವರಲ್ಲೂ ಇರುತ್ತದೆ, ವಿಚಿತ್ರ ಅಳತೆಯದ್ದು ಇರುವುದಿಲ್ಲ. ನಾನು ಮೊದಲು ಬಳಸುತ್ತಿದ್ದ ಒಂದು ಸೊಂಟದ ಚೀಲ ಬಟ್ಟೆ ಗಟ್ಟಿಯಾಗಿದ್ದರೂ ಬಕಲ್ ಹೋದ ಮೇಲೆ ಮೂಲೆ ಸೇರಿತು. ಕಂಪನಿಗೆ ಬರೆದರೆ ಹೊಸ ಚೀಲ ಕೊಳ್ಳಿ ಅಂತ ಉತ್ತರ ಬಂತು. ಬೇಸರವಾಯಿತು.

ಇಟ್ಟುಕೊಳ್ಳುವ ವಿಷಯ ಯಾರೂ ಬರೆಯುವುದಿಲ್ಲ, ನಮ್ಮ ಊರಿಗೆ ಅದೇ ಮುಖ್ಯ. ಒಳಬದಿಗೆ ಬಳಿದ ನೀರು ತಡೆಯುವ ಲೇಪ ಪಸೆಗೆ ವರ್ಷ ಕಳೆದ ಹಾಗೆ ಅಂಟಂಟಾಗಿ, ಆಮೇಲೆ ಹೊಟ್ಟಿನ ಹಾಗೆ ಉದುರುತ್ತದೆ. ಕಪಾಟಿನಲ್ಲಿ ಮಡಚಿಟ್ಟ ಚೀಲ ಬಳಸಿದ ಚೀಲಕ್ಕಿಂತ ಬೇಗ ಹಾಳಾಗುವುದು ಇದರಿಂದಲೇ. ಬೆವರಿನ ಉಪ್ಪು ಲೋಹದ ಜಿಪ್ಪನ್ನು ತಿನ್ನುತ್ತದೆ, ಪ್ಲಾಸ್ಟಿಕ್ ಹಲ್ಲಿನ ಜಿಪ್ ವಾಸಿ. ಬಂದ ದಿನವೇ ಸಾದಾ ನೀರಲ್ಲಿ ಜಾಲಿಸಿ ನೆರಳಲ್ಲಿ ತಲೆಕೆಳಗಾಗಿ ನೇತುಹಾಕಿ. ಮಳೆಗಾಲದಲ್ಲಿ ದಪ್ಪ ಸ್ಪಂಜಿನ ಬೆನ್ನ ಚೀಲ ಒಣಗಲು ದಿನಗಟ್ಟಲೆ ಬೇಕು, ಅಷ್ಟರಲ್ಲಿ ಬೂಸು ಹಿಡಿಯುತ್ತದೆ. ಸೊಂಟದ್ದು ಫ್ಯಾನಿನ ಕೆಳಗೆ ಒಂದು ರಾತ್ರಿಯಲ್ಲಿ ಒಣಗುತ್ತದೆ. ಬಚ್ಚಲ ಒಲೆಯ ಹತ್ತಿರ ಹಾಕುವವರು ದೂರದಲ್ಲಿ ಹಾಕಿ, ನೈಲಾನ್ ಬಿಸಿಗೆ ಸುರುಟುತ್ತದೆ. ಬೈನಾಕ್ಯುಲರನ್ನು ಒದ್ದೆ ಚೀಲದಲ್ಲೇ ಬಿಟ್ಟು ಮಲಗಬೇಡಿ, ಗಾಜಿಗೆ ಫಂಗಸ್ ಹಿಡಿದರೆ ರಿಪೇರಿ ಸುಲಭವಿಲ್ಲ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅಷ್ಟು ಸಾಕು.

ಒಂದೇ ಚೀಲ ಕೊಳ್ಳುವಷ್ಟು ದುಡ್ಡು ಇದೆ ಅನ್ನುವವರಿಗೆ ನನ್ನ ಮಾತು ಇದು. ಚಳಿಗಾಲದ ಬೆಳಿಗ್ಗೆ ಮಾತ್ರ ಹೋಗುವವರು, ಮನೆಯಿಂದ ನಾಲ್ಕೈದು ಕಿಲೋಮೀಟರಿನೊಳಗೇ ಸುತ್ತುವವರು ಹೆಗಲ ಪಟ್ಟಿ ಇರುವ 8ರಿಂದ 10 ಲೀಟರಿನ ಸೊಂಟದ ಚೀಲ ತೆಗೆದುಕೊಳ್ಳಿ. ವರ್ಷವಿಡೀ ಹೋಗುವವರು, ಬಸ್ಸು ಹಿಡಿದು ರಾಣಿಪುರಂ ಕಡೆಗೂ ಹೋಗುವವರು 20ರಿಂದ 22 ಲೀಟರಿನ ಬೆನ್ನ ಚೀಲ ತೆಗೆದುಕೊಳ್ಳಿ, ಸೊಂಟದ ಬೆಲ್ಟಿನ ಮೇಲೆ ಎರಡು ಸಣ್ಣ ಜಿಪ್ ಕಿಸೆ ಇರುವುದನ್ನು ಹುಡುಕಿ. ನೋಟ್‌ಬುಕ್, ಮೊಬೈಲ್, ಕಡಲೆಮಿಠಾಯಿ ಆ ಕಿಸೆಯಲ್ಲಿದ್ದರೆ ಸೊಂಟದ ಚೀಲದ ಅರ್ಧ ಅನುಕೂಲ ಅಲ್ಲೇ ಸಿಕ್ಕಿತು ಅಲ್ವಾ. 30 ಲೀಟರಿನದಕ್ಕೆ ಆಸೆ ಪಡಬೇಡಿ. ಜಾಗ ಇದ್ದರೆ ಕೈ ತುಂಬುತ್ತಲೇ ಇರುತ್ತದೆ, ಮಧ್ಯಾಹ್ನಕ್ಕೆ ಹೆಗಲು ನೋಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಅವರಿಗೆ ಸೊಂಟದ ಚೀಲ ಕಟ್ಟಬೇಡಿ, ಸಣ್ಣ ಸೊಂಟದಲ್ಲಿ ಅದು ನಿಲ್ಲುವುದಿಲ್ಲ. 10 ಲೀಟರಿನ ಹಗುರ ಬೆನ್ನ ಚೀಲ ಕೊಡಿ, ಅದರಲ್ಲಿ ಅವರ ಅರ್ಧ ಲೀಟರ್ ನೀರು ಮತ್ತು ಬಾಳೆಹಣ್ಣು ಇರಲಿ, ಉಳಿದ ನೀರು ನಿಮ್ಮ ಬೆನ್ನಿಗೆ.